ಆದೇಶದ ಮೇರೆಗೆ ಹುಲ್ಲು

ನನ್ನದು ಕನ್ನಡಕದ ಅಂಗಡಿ. ಗೋಡೆಯ ಮೇಲಿನ ಅಕ್ಷರದ ಹಲಗೆಯ ಮುಂದೆ ಜನರನ್ನು ಕೂರಿಸಿ ಕೊನೆಯ ಸಾಲು ಓದಿ ಎಂದರೆ, ಕಾಣುವುದಿಲ್ಲ ಎಂದು ಒಪ್ಪಿಕೊಳ್ಳುವವರು ಅಪರೂಪ. ಕಣ್ಣು ಕಿರಿದು ಮಾಡಿ, ಕತ್ತು ಮುಂದೆ ಚಾಚಿ, ಊಹೆಯ ಮೇಲೆ ಏನಾದರೊಂದು ಓದಿಯೇ ತೀರುತ್ತಾರೆ. ಹುದ್ದೆ ದೊಡ್ಡದಾದಷ್ಟೂ ಊಹೆ ಜೋರು. ಈ ಕಥೆಯಲ್ಲಿ ಬರುವ ಗಣ್ಯರೆಲ್ಲ ನನ್ನ ಗಿರಾಕಿಗಳೇ, ಅವರ ಕಣ್ಣಿನ ನಂಬರು ನನಗೆ ಬಾಯಿಪಾಠ. ಆದ್ದರಿಂದ ನಮ್ಮ ಭಾವನ ಹುಲ್ಲಿನ ಪ್ರಕರಣವನ್ನು ಹೇಳುವ ಅಧಿಕಾರ ನನಗಿಂತ ಹೆಚ್ಚಾಗಿ ಇನ್ನಾರಿಗೂ ಇಲ್ಲ ಎಂದು ನಾನೇ ತೀರ್ಮಾನಿಸಿದ್ದೇನೆ.

ಭಾವ ಎಂದರೆ ಅಕ್ಕನ ಗಂಡ. ನಗರಸಭೆಯ ಕಚೇರಿಯಲ್ಲಿ ಬೋರ್ಡುಗಳ ಕೋಣೆಗೆ ಅವರೇ ಯಜಮಾನರು. ‘ಕಾಮಗಾರಿ ನಡೆಯುತ್ತಿದೆ, ನಿಧಾನವಾಗಿ ಚಲಿಸಿ’, ‘ಇಲ್ಲಿ ಕಸ ಹಾಕಬಾರದು’, ‘ಮುಂದೆ ರಸ್ತೆ ಇಲ್ಲ’ ಎಂದು ಊರಿಗೆ ಬುದ್ಧಿ ಹೇಳುವ ತಗಡುಗಳೆಲ್ಲ ಆ ಕೋಣೆಯಲ್ಲಿ ಗೋಡೆಗೊರಗಿ ನಿಂತಿರುತ್ತವೆ. ಯಾವ ವಿಭಾಗದವರು ಯಾವ ಬೋರ್ಡು ಕೇಳಿದರೂ ಧೂಳು ಒರೆಸಿ ಕೊಡುವುದು, ಕೆಲಸ ಮುಗಿದ ಮೇಲೆ ಅವರು ಬೀದಿಯಲ್ಲಿ ಮರೆತು ಬಂದದ್ದನ್ನು ಹುಡುಕಿ ಹೊತ್ತು ತರುವುದು ಭಾವನ ನೌಕರಿ. ಊರೆಲ್ಲ ಅವರನ್ನು ಬೋರ್ಡಣ್ಣ ಎನ್ನುತ್ತದೆ. ಊರಿಗೇ ಆಜ್ಞೆ ಮಾಡುವ ಬೋರ್ಡುಗಳನ್ನು ಹೊರುವ ಈ ಮನುಷ್ಯನ ಮಾತನ್ನು ಮಾತ್ರ ಯಾರೂ ಕೇಳುವುದಿಲ್ಲ. ಕಚೇರಿಯಲ್ಲಿ ಅವರು ಬಾಯಿ ತೆರೆದರೆ ಎಂಜಿನಿಯರ್ ಸಾಹೇಬರು ಫೋನು ಎತ್ತಿಕೊಳ್ಳುತ್ತಾರೆ. ಮನೆಯಲ್ಲಿ ಬಾಯಿ ತೆರೆದರೆ ಅಕ್ಕ ಮಿಕ್ಸಿ ಹಾಕುತ್ತಾಳೆ.

ಅವರ ಮಾತನ್ನು ಕೊನೆಯವರೆಗೆ ಕೇಳುತ್ತಿದ್ದದ್ದು ಎರಡೇ ಜೀವ, ಎರಡೂ ಪಂಜರದಲ್ಲಿದ್ದವು. ಕಚೇರಿಯ ಟೈಪಿಸ್ಟ್ ವರ್ಗವಾಗಿ ಹೋಗುವಾಗ ಬಿಟ್ಟುಹೋದ, ಬಡ್ಜಿ ಎಂಬ ಪುಟ್ಟ ಗಿಳಿಜಾತಿಯ ಹಕ್ಕಿಗಳ ಜೋಡಿ. ಹಸಿರು ಗಂಡಿಗೆ ಹಸಿರಪ್ಪ, ನೀಲಿ ಹೆಣ್ಣಿಗೆ ನೀಲಮ್ಮ ಎಂದು ಭಾವನೇ ಹೆಸರಿಟ್ಟಿದ್ದರು. ಯಾರಾದರೂ ಬಾಯಿ ತಪ್ಪಿ ಲವ್ ಬರ್ಡ್ಸ್ ಎಂದರೆ ಅವರ ಮುಖ ಕೆಂಪಾಗುತ್ತಿತ್ತು. ಲವ್ ಬರ್ಡ್ಸ್ ಬೇರೆ, ಬಡ್ಜಿ ಬೇರೆ ಎಂದು ಶುರು ಮಾಡಿ, ಬಂದವರು ಚಪ್ಪಲಿ ಹುಡುಕಿಕೊಳ್ಳುವವರೆಗೆ ವಿವರಿಸುತ್ತಿದ್ದರು. ಹಸಿರಪ್ಪನಿಗೆ ಮಾತು ಕಲಿಸಲು ಅವರು ಪಟ್ಟ ಪಾಡು ಅಷ್ಟಿಷ್ಟಲ್ಲ. ಕೊನೆಗೆ ಅವನು ಕಲಿತದ್ದು ಒಂದೇ ಮಾತು, ‘ನೋಡೋಣ’. ಕಚೇರಿಯಿಂದ ಭಾವ ಮನೆಗೆ ತರುತ್ತಿದ್ದ ಮಾತು ಅದೊಂದೇ ಆದ್ದರಿಂದ ಹಕ್ಕಿಯನ್ನು ದೂರುವ ಹಾಗಿಲ್ಲ. ನೀಲಮ್ಮ ಏನನ್ನೂ ಕಲಿಯಲಿಲ್ಲ. ತಲೆ ಓರೆ ಮಾಡಿಕೊಂಡು ಭಾವ ಹೇಳಿದ್ದನ್ನೆಲ್ಲ ಕೇಳುತ್ತಿದ್ದಳು. ಅದಕ್ಕೇ ಅವಳೆಂದರೆ ಅವರಿಗೆ ಪ್ರಾಣ.

ಇಂಥ ನೀಲಮ್ಮ ಒಂದು ದಿನ ಅಂಗಡಿಯ ಒಣ ಕಾಳನ್ನು ಮುಟ್ಟದೆ, ಪುಕ್ಕ ಉಬ್ಬಿಸಿಕೊಂಡು ಪಂಜರದ ಮೂಲೆ ಸೇರಿದಳು. ಭಾವ ರಜೆ ಹಾಕಿ ಅವಳನ್ನು ಪಂಜರ ಸಮೇತ ಪ್ರಾಣಿ ಡಾಕ್ಟರಮ್ಮನ ಹತ್ತಿರ ಒಯ್ದರು. ಡಾಕ್ಟರಮ್ಮ ನೋಡಿ, ಇದಕ್ಕೆ ಹಸಿ ಹುಲ್ಲಿನ ತೆನೆ ಬೇಕು, ಕಾಳಿನ್ನೂ ಬಲಿಯದೆ ಹಾಲುಗಾಳಾಗಿರಬೇಕು ಎಂದರು. ಆದರೆ ರಸ್ತೆ ಬದಿಯದ್ದು ಬೇಡ, ಹೊಗೆ ಕುಡಿದಿರುತ್ತದೆ. ನಾಯಿ ಓಡಾಡುವ ಕಡೆಯದ್ದೂ ಬೇಡ. ಕಳೆಗೆ ಔಷಧಿ ಹೊಡೆದ ಜಾಗದ್ದಂತೂ ಒಂದು ಎಸಳು ತಿಂದರೂ ಈ ಪುಟ್ಟ ಜೀವ ಉಳಿಯುವುದಿಲ್ಲ ಎಂದು ಎಚ್ಚರಿಸಿ ಕಳಿಸಿದರು.

ಅಂದಿನಿಂದ ಭಾವ ಹುಲ್ಲಿನ ಪಂಡಿತರಾದರು. ನನ್ನ ಅಂಗಡಿಯಿಂದ ಒಂದು ಭೂತಗನ್ನಡಿ ಹೊತ್ತೊಯ್ದರು, ಇವತ್ತಿಗೂ ಅದು ಬಂದಿಲ್ಲ. ಬೆಳಗಾದರೆ ಕತ್ತರಿ, ಬಟ್ಟೆಯ ಕೈಚೀಲ ಹಿಡಿದು ಹೊರಡುವುದು, ಕಂಡಲ್ಲಿ ಕುಕ್ಕರಗಾಲಲ್ಲಿ ಕೂತು ಹುಲ್ಲಿನ ತೆನೆಯನ್ನು ಉಗುರಿನಿಂದ ಒತ್ತಿ ಹಾಲು ಬರುತ್ತದೆಯೇ ಎಂದು ನೋಡುವುದು. ಊರಿನ ಹುಲ್ಲೆಲ್ಲ ಅವರ ಪರೀಕ್ಷೆಯಲ್ಲಿ ನಪಾಸಾಯಿತು. ಪಾಸಾದದ್ದು ಒಂದೇ ಜಾಗದ್ದು: ನೀರಿನ ಟ್ಯಾಂಕಿನ ಹಿಂದೆ, ಒಡೆದ ಪೈಪುಗಳನ್ನು ರಾಶಿ ಹಾಕಿ ನಗರಸಭೆಯೇ ಮರೆತುಬಿಟ್ಟ ಖಾಲಿ ಜಾಗ. ಸುತ್ತ ಗೋಡೆ ಇದ್ದದ್ದರಿಂದ ಹೊಗೆ ಇಲ್ಲ, ನಾಯಿ ಇಲ್ಲ. ಅಲ್ಲಿ ಗರಿಕೆ ಇತ್ತು, ಕಾಗೆಯ ಕಾಲಿನಂತೆ ಬೆರಳು ಚಾಚಿದ ಹುಲ್ಲಿತ್ತು, ನವಣೆಯ ತೆನೆಯನ್ನೇ ಚಿಕ್ಕದು ಮಾಡಿದಂಥ ರೋಮದ ತೆನೆಯ ಹುಲ್ಲು ಸೊಂಟದೆತ್ತರ ನಿಂತಿತ್ತು. ಅದರ ಒಂದು ತೆನೆಯನ್ನು ಪಂಜರಕ್ಕೆ ಸಿಕ್ಕಿಸಿದ್ದೇ ತಡ, ನೀಲಮ್ಮ ಮೂಲೆ ಬಿಟ್ಟು ಬಂದಳು. ಕೊಕ್ಕಿನಲ್ಲಿ ಕಾಳು ಕಾಳಾಗಿ ಬಿಡಿಸಿ ತಿಂದಳು. ಭಾವ ಅತ್ತರು ಎಂದು ಅಕ್ಕ ಹೇಳುತ್ತಾಳೆ. ಕಣ್ಣಿಗೆ ಹುಲ್ಲಿನ ರೋಮ ಬಿತ್ತು ಎಂದು ಭಾವ ಹೇಳುತ್ತಾರೆ.

ತರುವುದಕ್ಕಿಂತ ಇಡುವುದು ದೊಡ್ಡ ವಿದ್ಯೆಯಾಯಿತು. ತೆನೆಗಳನ್ನು ತೊಳೆದು, ಕೊಡವಿ, ಟವೆಲಿನ ಮೇಲೆ ಹರಡಿ, ನೀರಿನ ಪಸೆ ಆರಿದ ಮೇಲೆ ಡಬ್ಬಿಯಲ್ಲಿ ತುಂಬಿ ಫ್ರೀಜರಿಗೆ ಹಾಕಬೇಕು. ತೇವ ಉಳಿದರೆ ಬೂಷ್ಟು, ಬೂಷ್ಟು ಬಂದರೆ ಹಕ್ಕಿಗೆ ವಿಷ. ಉಳಿದ ಹುಲ್ಲು ಕಟ್ಟುಕಟ್ಟಾಗಿ ಮಲಗುವ ಕೋಣೆಯ ಬಟ್ಟೆಯ ಹಗ್ಗದಲ್ಲಿ ತಲೆಕೆಳಗಾಗಿ ನೇತಾಡುತ್ತಿತ್ತು. ಆದರೆ ಒಣಗಿದ್ದನ್ನು ನೀಲಮ್ಮ ಮೂಸಿಯೂ ನೋಡುತ್ತಿರಲಿಲ್ಲ, ಹಸಿರಪ್ಪ ಮಾತ್ರ ತಿನ್ನುತ್ತಿದ್ದ. ಅಕ್ಕನ ಬಟಾಣಿಯೂ ಐಸ್ ಟ್ರೇಯೂ ಫ್ರೀಜರಿನಿಂದ ಗಡೀಪಾರಾದವು. ಒಮ್ಮೆ ನೆಂಟರಿಗೆ ಕೊಟ್ಟ ತಣ್ಣನೆಯ ಶರಬತ್ತಿನಲ್ಲಿ ಹುಲ್ಲಿನ ತೆನೆಯೊಂದು ತೇಲಿತು. ಅಕ್ಕ ಅವತ್ತೇ ಹುಕುಂ ಹೊರಡಿಸಿದಳು: ಹುಲ್ಲನ್ನು ಆರಿಸುವುದು, ಚೀಲ ಕೊಡವುವುದು ಎಲ್ಲ ಹೊರಗೆ, ಮನೆಯೊಳಗೆ ಒಂದು ಕಸವೂ ಬೀಳಕೂಡದು. ಭಾವ ಒಪ್ಪಿದರು. ಟ್ಯಾಂಕಿನ ಹಿಂದಿನಿಂದ ನೇರವಾಗಿ ಕಚೇರಿಗೆ ಹೋಗಿ, ಬೋರ್ಡು ಕೋಣೆಯ ಹಿತ್ತಿಲಲ್ಲಿ ಸದಾ ಸೋರುವ ನಲ್ಲಿಯ ಪಕ್ಕ ಕೂತು ಎಳೆಯದು, ಬಲಿತದ್ದು ಬೇರೆ ಮಾಡಿ, ಬಲಿತ ಕಾಳನ್ನೂ ಕಸವನ್ನೂ ಅಲ್ಲೇ ಕೊಡವಿ ಎದ್ದು ಬರುತ್ತಿದ್ದರು.

ಹೀಗೆ ಎಲ್ಲ ಸರಿಹೋಯಿತು ಎನ್ನುವಾಗ, ಕಳೆ ಔಷಧಿ ಹೊಡೆಯುವ ತಂಡ ನಗರಸಭೆಯ ಖಾಲಿ ಜಾಗಗಳಿಗೆಲ್ಲ ಹೊರಟಿದೆ, ಟ್ಯಾಂಕಿನ ಹಿಂದಿನ ಜಾಗವೂ ಅದರಲ್ಲಿ ಸೇರಿದೆ ಎಂಬ ಸುದ್ದಿ ಬಂತು. ಭಾವ ನನ್ನ ಬಳಿ ಬಂದು ಗೋಳು ತೋಡಿಕೊಂಡರು. ನೇರವಾಗಿ ಎಂಜಿನಿಯರ್ ಸಾಹೇಬರಿಗೆ ಹೇಳಿ, ಅದೊಂದನ್ನು ಬಿಡಿಸಿ ಎಂದು ನಾನು ಸಲಹೆ ಕೊಟ್ಟೆ. ಭಾವ ತಲೆ ತಗ್ಗಿಸಿದರು. ಹಿಂದೊಮ್ಮೆ ಹಕ್ಕಿಗೆ ಹುಷಾರಿಲ್ಲ ಎಂದು ರಜೆ ಕೇಳಿದ್ದಕ್ಕೆ ಇಡೀ ಕಚೇರಿ ಬಿದ್ದು ಬಿದ್ದು ನಕ್ಕಿತ್ತಂತೆ. ಅವರು ಎದುರಿಗೆ ಬಂದಾಗಲೆಲ್ಲ ಎಂಜಿನಿಯರ್ ಸಾಹೇಬರು ತೋಳುಗಳನ್ನು ರೆಕ್ಕೆಯಂತೆ ಬಡಿದು ತೋರಿಸುತ್ತಿದ್ದರಂತೆ. ಮತ್ತೆ ಹಕ್ಕಿಯ ಮಾತೆತ್ತುವುದಕ್ಕಿಂತ ನೌಕರಿ ಬಿಡುವುದೇ ವಾಸಿ ಎಂದರು.

ಆಮೇಲೆ ಅವರು ಮಾಡಿದ್ದು ಬೋರ್ಡುಗಳ ನಡುವೆ ತಲೆ ನರೆಸಿಕೊಂಡ ಮನುಷ್ಯ ಮಾತ್ರ ಮಾಡಬಲ್ಲ ಕೆಲಸ. ಕೋಣೆಯ ಮೂಲೆಯಲ್ಲಿ ಯಾವ ಕಾಲದ್ದೋ, ಯಾರು ಬರೆಸಿದ್ದೋ ಯಾರಿಗೂ ನೆನಪಿಲ್ಲದ ಬೋರ್ಡೊಂದಿತ್ತು. ಅದನ್ನು ಹೊತ್ತೊಯ್ದು ಹುಲ್ಲಿನ ಮಧ್ಯೆ ನೆಟ್ಟರು. ಅದರಲ್ಲಿ ಇದ್ದದ್ದು ಇಷ್ಟೇ: ‘ಈ ಸ್ಥಳ ಪರಿಶೀಲನೆಯಲ್ಲಿದೆ. ಯಾರೂ ಯಾವುದನ್ನೂ ಮುಟ್ಟಬಾರದು. ಆದೇಶದ ಮೇರೆಗೆ.’ ಏನು ಪರಿಶೀಲನೆ ಎಂದಿಲ್ಲ, ಯಾರ ಆದೇಶ ಎಂದಿಲ್ಲ. ಅದೇ ಆ ಬೋರ್ಡಿನ ಬಲ. ಔಷಧಿ ತಂಡದವರು ಬಂದು, ಓದಿ, ಡಬ್ಬ ಹೆಗಲಿಗೇರಿಸಿಕೊಂಡು ಹಿಂದಿರುಗಿದರು. ಭಾವ ಅವತ್ತು ನನ್ನ ಅಂಗಡಿಗೆ ಬಂದು, ಜೀವಮಾನದಲ್ಲಿ ಮೊದಲ ಸಲ ತಾವಿಟ್ಟ ಬೋರ್ಡನ್ನು ಜನ ಪಾಲಿಸಿದರು ಎಂದು ಹೆಮ್ಮೆಯಿಂದ ಹೇಳಿ ಹೋದರು.

ಪಾಲಿಸಿದ್ದೇ ತೊಂದರೆಯಾಯಿತು. ಭಾವನ ಪಕ್ಕದ ಮನೆಯಲ್ಲಿ ಒಬ್ಬ ರಿಟೈರ್ಡ್ ಪೋಸ್ಟ್‌ಮಾಸ್ಟರ್ ಇದ್ದಾರೆ. ಇತರರ ಕಾಗದ ಒಡೆಯದೆಯೇ ಒಳಗೇನಿದೆ ಎಂದು ಊಹಿಸುತ್ತಾ ಸರ್ವೀಸು ಮುಗಿಸಿದವರು. ಬೆಳಗಿನ ವಾಯುಸೇವನೆಗೆ ಹೋದಾಗ ಬೋರ್ಡು ಕಂಡಿದೆ. ಬೋರ್ಡಿನ ಪಕ್ಕದಲ್ಲೇ ನಗರಸಭೆಯ ನೌಕರನೊಬ್ಬ ಕುಕ್ಕರಗಾಲಲ್ಲಿ ಕೂತು, ಭೂತಗನ್ನಡಿ ಹಿಡಿದು, ಹುಲ್ಲು ಕತ್ತರಿಸಿ ಜೋಪಾನವಾಗಿ ಚೀಲಕ್ಕೆ ಹಾಕುತ್ತಿರುವುದೂ ಕಂಡಿದೆ. ಏನು ವಿಷಯ ಎಂದು ಕೇಳಿದರು. ಭಾವನಿಗೆ ಹಕ್ಕಿಯ ಹೆಸರೆತ್ತಲು ನಾಚಿಕೆ.

"ಅದನ್ನೆಲ್ಲ ಹೇಳೋ ಹಾಗಿಲ್ಲ, ಸಾರ್" ಅಂದರು.

ಪೋಸ್ಟ್‌ಮಾಸ್ಟರಿಗೆ ಬೇಕಾದ್ದು ಅಷ್ಟೇ. ಸಂಜೆಯ ಹೊತ್ತಿಗೆ ಮಾತಿಗೆ ರೆಕ್ಕೆಪುಕ್ಕ ಬಂತು. ಅಲ್ಲಿ ಬಸ್ ನಿಲ್ದಾಣ ಬರುತ್ತದೆ ಎಂದು ಸೈಟು ಮಾರಿಸುವ ದಲ್ಲಾಳಿ ಹೇಳಿದ. ನೆಲದಡಿ ಗ್ಯಾಸ್ ಸಿಕ್ಕಿದೆ ಎಂದು ಹಾಲಿನ ಅಂಗಡಿಯವನು ಹೇಳಿದ. ಆದರೆ ಪೋಸ್ಟ್‌ಮಾಸ್ಟರು ಇಬ್ಬರ ಬಾಯನ್ನೂ ಮುಚ್ಚಿಸಿ ಕೇಳಿದ ಪ್ರಶ್ನೆ ಎಲ್ಲರನ್ನೂ ತಣ್ಣಗಾಗಿಸಿತು: ಬಸ್ ನಿಲ್ದಾಣಕ್ಕೆ ಹುಲ್ಲಿನ ಸ್ಯಾಂಪಲ್ ಯಾಕೆ ಬೇಕು? ಪಕ್ಕದಲ್ಲಿ ಇರೋದೇನು? ನೀರಿನ ಟ್ಯಾಂಕು. ಹುಲ್ಲು ಕುಡಿಯೋದು ಯಾವ ನೀರು?

ಮರುದಿನ ನಮ್ಮ ಬೀದಿಯಲ್ಲಿ ಯಾರೂ ನಲ್ಲಿ ನೀರು ಕುಡಿಯಲಿಲ್ಲ. ಕ್ಯಾನ್ ನೀರಿನ ಗಾಡಿ ಬಂದಾಗ ಜನ ಒಬ್ಬರ ಮೇಲೊಬ್ಬರು ಬಿದ್ದರು. ಎಷ್ಟೋ ವರ್ಷಗಳಿಂದ ಇದ್ದ ಹೊಟ್ಟೆನೋವು, ಕೂದಲು ಉದುರುವುದು, ಮಂಡಿನೋವು, ಸೊಸೆ ಮಾತು ಕೇಳದಿರುವುದು ಎಲ್ಲಕ್ಕೂ ಟ್ಯಾಂಕಿನ ನೀರೇ ಕಾರಣ ಎಂದು ಒಬ್ಬೊಬ್ಬರಾಗಿ ಪತ್ತೆ ಮಾಡಿದರು. ನನ್ನ ಅಂಗಡಿಗೆ ಬಂದ ಒಬ್ಬರಂತೂ, ಆ ನೀರಿನಿಂದಲೇ ತಮ್ಮ ದೃಷ್ಟಿ ಮಂಜಾಗಿದೆ ಎಂದರು. ಅವರ ಕನ್ನಡಕವನ್ನು ಒರೆಸಿ ಕೊಟ್ಟೆ, ಮಂಜು ಹೋಯಿತು. ಆದರೂ ಅವರ ಅಭಿಪ್ರಾಯ ಬದಲಾಗಲಿಲ್ಲ.

ಜನ ಗುಂಪು ಕಟ್ಟಿಕೊಂಡು ನಗರಸಭೆಗೆ ಹೋದರು. ಎಂಜಿನಿಯರ್ ಸಾಹೇಬರಿಗೆ ಆ ಬೋರ್ಡಿನ ಬಗ್ಗೆ ಏನೆಂದರೆ ಏನೂ ಗೊತ್ತಿಲ್ಲ. ಆದರೆ ಗೊತ್ತಿಲ್ಲ ಎಂದರೆ ತಮ್ಮ ವಿಭಾಗದ ಜಾಗದಲ್ಲಿ ತಮಗೇ ತಿಳಿಯದೆ ಪರಿಶೀಲನೆ ನಡೆಯುತ್ತಿದೆ ಎಂದು ಒಪ್ಪಿಕೊಂಡಂತೆ. ಅವರು ಗಂಭೀರವಾಗಿ, ಪರಿಶೀಲನೆ ಮಹತ್ವದ ಹಂತದಲ್ಲಿದೆ, ಸಹಕರಿಸಿ ಎಂದರು. ಇದು ಹೆಲ್ತ್ ಇನ್‌ಸ್ಪೆಕ್ಟರ್ ಕಿವಿಗೆ ಬಿತ್ತು. ನೀರು ಅಂದಮೇಲೆ ಆರೋಗ್ಯ, ಆರೋಗ್ಯ ಅಂದಮೇಲೆ ತಾವು. ತಮ್ಮನ್ನು ಬಿಟ್ಟು ಎಂಜಿನಿಯರು ಒಬ್ಬರೇ ಹೆಸರು ತೆಗೆದುಕೊಳ್ಳುತ್ತಿದ್ದಾರೆ ಎಂದು ಅವರಿಗೆ ಹೊಟ್ಟೆಯೊಳಗೆ ಉರಿ. ನೇರವಾಗಿ ಬೋರ್ಡು ಕೋಣೆಗೆ ಬಂದು, ಎಂಜಿನಿಯರ್ ವಿಭಾಗದವರ ಬೋರ್ಡಿಗಿಂತ ಎತ್ತರದ್ದೊಂದು ಬೋರ್ಡು ಬೇಕು ಎಂದರು. ಭಾವ ಕೊಟ್ಟರು. ಕೊಡುವುದು ಅವರ ನೌಕರಿ. ಮಧ್ಯಾಹ್ನ ಎಂಜಿನಿಯರ್ ಸಾಹೇಬರು ಅದಕ್ಕಿಂತ ಎತ್ತರದ್ದನ್ನು ಕೇಳಿದರು, ಅದನ್ನೂ ಕೊಟ್ಟರು. ಆ ವಾರ ಟ್ಯಾಂಕಿನ ಹಿಂದೆ ಹುಲ್ಲಿಗಿಂತ ಬೋರ್ಡುಗಳೇ ದಟ್ಟವಾಗಿ ಬೆಳೆದವು. ಎಲ್ಲವನ್ನೂ ಹೊತ್ತು ನೆಟ್ಟವರು ಭಾವನೇ.

ಕೊನೆಗೆ ಎಂಜಿನಿಯರ್ ಸಾಹೇಬರು ಹಗ್ಗ ಕಟ್ಟಿಸಿ ಕಾವಲುಗಾರನನ್ನೂ ನೇಮಿಸಿದರು. ಅವನು ಕುರ್ಚಿ ಹಾಕಿಕೊಂಡು, ಕಾಲಿನ ಮೇಲೆ ಕಾಲು ಹಾಕಿ ಕೂತ. ಮರುದಿನ ಬೆಳಿಗ್ಗೆ ಕತ್ತರಿ, ಕೈಚೀಲ ಹಿಡಿದು ಹೋದ ಭಾವನನ್ನು ಹಗ್ಗದ ಹೊರಗೇ ನಿಲ್ಲಿಸಿದ.

"ಬೋರ್ಡ್ ಓದಕ್ಕೆ ಬರಲ್ವಾ? ಯಾರೂ ಮುಟ್ಟೋ ಹಾಗಿಲ್ಲ."

"ಆ ಬೋರ್ಡ್ ಹಾಕಿದ್ದೇ ನಾನಪ್ಪ."

"ಹಾಕಿದೋರಿಗೆ ಅಂತ ಬೇರೆ ಬರ್ದಿಲ್ವಲ್ಲ ಅದ್ರಲ್ಲಿ" ಅಂದ ಕಾವಲುಗಾರ.

ಬೋರ್ಡುಗಳ ವಿಷಯದಲ್ಲಿ ಭಾವ ಬಹಳ ನಿಯತ್ತಿನ ಮನುಷ್ಯ. ಬರೆದದ್ದನ್ನು ಇನ್ನೊಮ್ಮೆ ಓದಿಕೊಂಡು ಹಿಂದಿರುಗಿದರು. ಹಗ್ಗದ ಆಚೆ ನವಣೆಯಂಥ ತೆನೆಗಳು ಹಾಲು ತುಂಬಿಕೊಂಡು ಗಾಳಿಗೆ ತೂಗಾಡುತ್ತಿದ್ದವಂತೆ.

ಫ್ರೀಜರಿನ ಡಬ್ಬಿಗಳಿವೆಯಲ್ಲ ಎಂದು ನಾನು ಸಮಾಧಾನ ಹೇಳಿದೆ. ಹೇಳಿದ ಗಳಿಗೆ ಸರಿಯಿರಲಿಲ್ಲ. ಬೀದಿಯ ಭಯ ಅಷ್ಟರಲ್ಲಿ ಭಾವನ ಮನೆಯ ಹೊಸ್ತಿಲು ದಾಟಿತ್ತು. ನಲ್ಲಿ ನೀರಿನಲ್ಲಿ ವಿಷವಿದೆ ಎಂದು ಪೋಸ್ಟ್‌ಮಾಸ್ಟರ ಹೆಂಡತಿ ಬಂದು ಹೇಳಿದ್ದೇ ತಡ, ಅಕ್ಕ ಅಂಗಡಿಯಿಂದ ತಂದ ನೀರಿನ ಬಾಟಲಿಗಳನ್ನು ಫ್ರಿಜ್ಜಿಗೂ ಫ್ರೀಜರಿಗೂ ತುಂಬಿ, ಹುಲ್ಲಿನ ಡಬ್ಬಿಗಳನ್ನು ತೆಗೆದು ಹಿತ್ತಿಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಇಟ್ಟಿದ್ದಳು. ಬಿಸಿಲಿಗೆ ಬೆವರಿ, ಮುಗ್ಗಲು ಹಿಡಿದು, ಭಾವ ಮುಚ್ಚಳ ತೆರೆದಾಗ ಒಳಗೆಲ್ಲ ಬೂದಿಬಣ್ಣದ ಬೂಷ್ಟು. ಭಾವ ಡಬ್ಬಿಗಳನ್ನು ಒಂದೊಂದಾಗಿ ಖಾಲಿ ಮಾಡಿ, ತೊಳೆದು, ಬೋರಲು ಹಾಕಿದರು. ವಿಷ ಇರುವುದು ನೀರಿನಲ್ಲಲ್ಲ, ಎಲ್ಲಿಯೂ ಇಲ್ಲ, ಆ ಬೋರ್ಡು ತಾವೇ ನೆಟ್ಟದ್ದು ಎಂದು ಅವರು ಅಕ್ಕನಿಗೆ ಆಗಲಾದರೂ ಹೇಳಬಹುದಿತ್ತು. ಹೇಳಲು ಬಾಯಿ ತೆರೆದರಂತೆ. ಅಕ್ಕ ಅಭ್ಯಾಸಬಲದಿಂದ ಮಿಕ್ಸಿ ಹಾಕಿದಳು.

ನೀಲಮ್ಮ ಮತ್ತೆ ಮೂಲೆ ಸೇರಿದಳು.

ಅಷ್ಟರಲ್ಲಿ ಸುದ್ದಿ ನಗರಸಭೆಯ ದೊಡ್ಡ ಸಾಹೇಬರಿಗೆ ಮುಟ್ಟಿತು. ಅವರು ಖುದ್ದಾಗಿ ಸ್ಥಳ ನೋಡಲು ಬರುತ್ತಾರೆಂದು ಗೊತ್ತಾಯಿತು. ದೊಡ್ಡವರು ಬರುತ್ತಾರೆ ಎಂದರೆ ಜಾಗ ಚೊಕ್ಕಟವಾಗಿರಬೇಕು. ಬೂಟಿಗೆ ಹುಲ್ಲು ತಾಗಬಾರದು. ಹಿಂದಿನ ದಿನವೇ ಔಷಧಿ ಹೊಡೆದು, ಕೆರೆದು, ಬಿಳಿ ಪುಡಿ ಚೆಲ್ಲಬೇಕೆಂದು ಎಂಜಿನಿಯರ್ ಸಾಹೇಬರು ಆಜ್ಞೆ ಮಾಡಿದರು. ಅಲ್ಲಿನ ಬೋರ್ಡುಗಳಿಗೆಲ್ಲ ಬಣ್ಣ ಬಳಿದು ನಿಲ್ಲಿಸುವ ಕೆಲಸ ಭಾವನ ಪಾಲಿಗೆ ಬಂತು. ಆಗ ಅವರು ಜೀವಮಾನದ ಧೈರ್ಯವನ್ನೆಲ್ಲ ಒಟ್ಟುಗೂಡಿಸಿ ಸಾಹೇಬರ ಕೋಣೆಗೆ ನುಗ್ಗಿದರು. ಹೆಲ್ತ್ ಇನ್‌ಸ್ಪೆಕ್ಟರೂ ಅಲ್ಲೇ ಇದ್ದರು. ಮುಂದಿನದನ್ನು ಭಾವ ನನಗೆ ಎಷ್ಟು ಸಲ ಹೇಳಿದ್ದಾರೆಂದರೆ, ನಾನೇ ಅಲ್ಲಿದ್ದೆನೇನೋ ಎನಿಸುತ್ತದೆ.

"ಸಾರ್, ಔಷಧಿ ಹೊಡೀಬೇಡಿ ಸಾರ್. ಅಲ್ಲಿ ಯಾವ ಪರಿಶೀಲನೆನೂ ಇಲ್ಲ. ಆ ಬೋರ್ಡ್ ನಾನೇ ನೆಟ್ಟಿದ್ದು. ನನ್ನ ಹಕ್ಕಿಗೆ ಹುಲ್ಲು ಬೇಕಿತ್ತು ಸಾರ್, ಅಷ್ಟೇ."

ಎಂಜಿನಿಯರ್ ಸಾಹೇಬರು ಹೆಲ್ತ್ ಇನ್‌ಸ್ಪೆಕ್ಟರ ಮುಖ ನೋಡಿದರು, ಅವರು ಇವರ ಮುಖ ನೋಡಿದರು. ಎಂಜಿನಿಯರ್ ಸಾಹೇಬರು ಎದ್ದು ಬಾಗಿಲು ಮುಂದೆ ಮಾಡಿ ಬಂದರು.

"ಹೀಗೆ ಹೇಳು ಅಂತ ಯಾರು ಹೇಳಿಕೊಟ್ರು?"

"ಯಾರೂ ಇಲ್ಲ ಸಾರ್. ಇದೇ ನಿಜ."

"ಸರಿ ಸರಿ. ಯಾರು ಕೇಳಿದ್ರೂ ಹೀಗೇ ಹೇಳು. ಹಕ್ಕಿಗೆ ಹುಲ್ಲು." ಸಾಹೇಬರು ಭಾವನ ಭುಜ ತಟ್ಟಿದರು. "ನೋಡಿದ್ರಾ ಇನ್‌ಸ್ಪೆಕ್ಟರೇ, ಗುಟ್ಟಿನ ಕೆಲಸಕ್ಕೆ ದೊಡ್ಡ ಸಾಹೇಬರು ಮನುಷ್ಯನ್ನ ಆರಿಸೋದಂದ್ರೆ ಹೀಗೆ. ನಮ್ಮ ಮುಂದೆ ಕೂಡ ಬಾಯಿ ಬಿಡ್ತಾ ಇಲ್ಲ."

ಭಾವ ಅಂಗಲಾಚಿದರು, ಆಣೆ ಮಾಡಿದರು, ನೀಲಮ್ಮ ಎಂಬ ಹೆಸರನ್ನೂ ಹೇಳಿದರು. ಹೇಳಿದಷ್ಟೂ ಇಬ್ಬರ ಮೆಚ್ಚುಗೆ ಏರಿತು. ಹೆಸರನ್ನೂ ಯೋಚಿಸಿಟ್ಟಿದ್ದಾನಲ್ಲ ಎಂದು ಇನ್‌ಸ್ಪೆಕ್ಟರು ಬೆರಗಾದರು. ಅಂದು ಹಕ್ಕಿಗೆಂದು ರಜೆ ಕೇಳಿದ್ದೂ ಈ ನೆಪಕ್ಕೆ ಹಾಕಿದ ಅಡಿಪಾಯವೇ ಎಂದು ಎಂಜಿನಿಯರ್ ಸಾಹೇಬರು ತಲೆದೂಗಿದರು. ಇಷ್ಟು ವರ್ಷದ ಸರ್ವೀಸಿನಲ್ಲಿ ಮೊದಲ ಸಲ ಭಾವನಿಗೆ ಆ ಕೋಣೆಯಲ್ಲಿ ಕುರ್ಚಿ ಕೊಟ್ಟರು, ಟೀ ತರಿಸಿದರು, ದೊಡ್ಡ ಸಾಹೇಬರ ಕಿವಿಗೆ ನಮ್ಮ ಬಗ್ಗೆಯೂ ಒಂದು ಒಳ್ಳೆಯ ಮಾತು ಹಾಕಿ ಎಂದು ಬಹುವಚನದಲ್ಲಿ ಕೇಳಿಕೊಂಡರು. ಆಮೇಲೆ ಫೋನು ಎತ್ತಿ, ದೊಡ್ಡ ಸಾಹೇಬರ ಖಾಸಾ ಜಾಗ ಅದು, ಒಂದು ಎಸಳೂ ಉಳಿಯದ ಹಾಗೆ ಔಷಧಿ ಹೊಡೆಯಿರಿ ಎಂದು ಆಜ್ಞೆ ಮಾಡಿದರು. ಭಾವ ಟೀ ಕುಡಿಯಲಿಲ್ಲ.

ಮರುದಿನ ಅಂಗಡಿ ಮುಚ್ಚಿ ನಾನೂ ಟ್ಯಾಂಕಿನ ಹತ್ತಿರ ಹೋದೆ. ಇಡೀ ಬೀದಿ ಅಲ್ಲಿತ್ತು. ಹುಲ್ಲಿದ್ದ ಜಾಗ ಕ್ಷೌರ ಮಾಡಿಸಿಕೊಂಡ ತಲೆಯ ಹಾಗಿತ್ತು, ಔಷಧಿಯ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ನಡುವೆ ಬೋರ್ಡುಗಳು ಹೊಸ ಬಣ್ಣದಲ್ಲಿ ಹೊಳೆಯುತ್ತಿದ್ದವು. ದೊಡ್ಡ ಸಾಹೇಬರು ಕಾರಿನಿಂದ ಇಳಿದರು. ಅವರಿಗೆ ನಾನೇ ಕನ್ನಡಕ ಮಾಡಿಕೊಟ್ಟಿದ್ದೇನೆ, ಆದರೆ ವಯಸ್ಸಾದಂತೆ ಕಾಣುತ್ತದೆಂದು ಜೇಬಿನಲ್ಲೇ ಇಟ್ಟುಕೊಳ್ಳುತ್ತಾರೆ. ಇಲ್ಲಿ ಏನು ಪರಿಶೀಲನೆ ಎಂದು ಅವರು ಕೇಳಲು ಹೊರಟಿದ್ದು ನನಗೆ ಸ್ಪಷ್ಟವಾಗಿ ಕಂಡಿತು. ಅಷ್ಟರಲ್ಲಿ ಎಂಜಿನಿಯರ್ ಸಾಹೇಬರು ಮುಂದೆ ಬಂದು, ತಮ್ಮ ಆದೇಶದಂತೆಯೇ ಎಲ್ಲ ನಡೆದಿದೆ ಸಾರ್ ಎಂದರು. ಹೆಲ್ತ್ ಇನ್‌ಸ್ಪೆಕ್ಟರು, ತಮ್ಮ ಆದೇಶಕ್ಕಿಂತ ಹೆಚ್ಚಾಗಿಯೇ ನಡೆದಿದೆ ಸಾರ್ ಎಂದರು. ದೊಡ್ಡ ಸಾಹೇಬರು ಹಳೆಯ ಬೋರ್ಡಿನ ಮುಂದೆ ನಿಂತು, ಕಣ್ಣು ಕಿರಿದು ಮಾಡಿ, ಕತ್ತು ಮುಂದೆ ಚಾಚಿದರು. ನನ್ನ ಅಂಗಡಿಯಲ್ಲಿ ಕೊನೆಯ ಸಾಲು ಓದುವಾಗಲೂ ಅವರು ಹೀಗೇ ಮಾಡುತ್ತಾರೆ. ತಾವು ಯಾವಾಗ ಈ ಆದೇಶ ಕೊಟ್ಟೆವು ಎಂದು ಅವರಿಗೆ ನೆನಪಿಲ್ಲ. ನೆನಪಿಲ್ಲವೆಂದು ಹೇಳುವ ಅಭ್ಯಾಸವೂ ಇಲ್ಲ.

"ಹ್ಞೂ" ಅಂದರು. "ನಾನು ಅಂದ್ಕೊಂಡ ಹಾಗೇ ಇದೆ."

ಚಪ್ಪಾಳೆ ಬಿತ್ತು. ಪೋಸ್ಟ್‌ಮಾಸ್ಟರು ಎಲ್ಲರಿಗಿಂತ ಜೋರಾಗಿ ತಟ್ಟಿದರು. ಪರಿಶೀಲನೆ ಯಶಸ್ವಿಯಾಗಿದೆ, ಮುನ್ನೆಚ್ಚರಿಕೆಯಾಗಿ ಈ ಜಾಗಕ್ಕೆ ಪೂರ್ತಿ ಸಿಮೆಂಟು ಹಾಕಿಸುತ್ತೇವೆ, ಇನ್ನು ನೀರು ಧೈರ್ಯವಾಗಿ ಕುಡಿಯಬಹುದು ಎಂದು ದೊಡ್ಡ ಸಾಹೇಬರು ಘೋಷಿಸಿದರು. ಜನ ಮೊದಲು ಕುಡಿಯುತ್ತಿದ್ದ ಅದೇ ನೀರನ್ನು ಅವತ್ತಿನಿಂದ ಕೃತಜ್ಞತೆಯಿಂದ ಕುಡಿಯತೊಡಗಿದರು. ಪೋಸ್ಟ್‌ಮಾಸ್ಟರಿಗೆ ಮಂಡಿನೋವು ಕೂಡ ಕಡಿಮೆಯಾಯಿತು. ಈ ಸಂಭ್ರಮದಲ್ಲಿ ಒಬ್ಬ ಮನುಷ್ಯ ಗೋಡೆಯ ಬುಡದಲ್ಲಿ ಕೂತು, ಎಲ್ಲಾದರೂ ಒಂದು ತೆನೆ ಉಳಿದಿದೆಯೇ ಎಂದು ಹುಡುಕುತ್ತಿದ್ದುದನ್ನು ಯಾರೂ ನೋಡಲಿಲ್ಲ. ನಾನು ನೋಡಿದೆ. ನಗುವುದಕ್ಕೆಂದೇ ಅಲ್ಲಿಗೆ ಹೋಗಿದ್ದ ನನಗೆ ನಗು ಬರಲಿಲ್ಲ.

ಆಮೇಲೆ ಭಾವ ಊರೆಲ್ಲ ಅಲೆದರು. ಎಲ್ಲೆಲ್ಲೂ ಔಷಧಿ ಹೊಡೆದಾಗಿತ್ತು. ನೀಲಮ್ಮ ಕಣ್ಣು ಅರ್ಧ ಮುಚ್ಚಿಕೊಂಡು ಕೂತೇ ಇದ್ದಳು. ಹಸಿರಪ್ಪ ಅವಳ ಪಕ್ಕಕ್ಕೆ ಸರಿದು ‘ನೋಡೋಣ, ನೋಡೋಣ’ ಎನ್ನುತ್ತಿದ್ದ. ಒಂದು ಬೆಳಿಗ್ಗೆ ನಾನು ಹೋದಾಗ ಅಕ್ಕ ಪಂಜರದ ಮುಂದೆ ಸ್ಟೂಲು ಹಾಕಿಕೊಂಡು ಕೂತಿದ್ದಳು. ಭಾವ ಬೋರ್ಡಿನಿಂದ ಹಿಡಿದು ಬೂಷ್ಟಿನವರೆಗೆ ಎಲ್ಲವನ್ನೂ ಅವಳಿಗೆ ಹೇಳುತ್ತಿದ್ದರು. ಅವಳು ಪೂರ್ತಿ ಕೇಳಿದಳು, ಮಧ್ಯೆ ಎದ್ದುಹೋಗಲಿಲ್ಲ. ಕೇಳಿ ಮುಗಿದ ಮೇಲೆ, "ಆ ಬೋರ್ಡು ಹಕ್ಕಿಗೆ ಅಂತ ಮೊದಲೇ ಅಂದಿದ್ರೆ ಆಗ್ತಿರ್ಲಿಲ್ವೇನ್ರೀ, ನಾನೇನು ನಗ್ತಿದ್ನಾ" ಅಂದಳು. ಖಂಡಿತ ನಗುತ್ತಿದ್ದಳು. ಆದರೆ ಅದನ್ನು ಹೇಳುವ ಸಮಯ ಅದಾಗಿರಲಿಲ್ಲ.

ಅವತ್ತು ಮಧ್ಯಾಹ್ನ ಭಾವ ನನ್ನ ಅಂಗಡಿಗೆ ಓಡುತ್ತಾ ಬಂದರು. ಕೈ ಹಿಡಿದು ಎಳೆದುಕೊಂಡು ಕಚೇರಿಯ ಬೋರ್ಡು ಕೋಣೆಯ ಹಿಂದಕ್ಕೆ ಕರೆದೊಯ್ದರು. ಸೋರುವ ನಲ್ಲಿಯ ಸುತ್ತ, ಹಳೆಯ ತಗಡುಗಳ ಸಂದಿಯಲ್ಲಿ, ‘ಇಲ್ಲಿ ಕಸ ಹಾಕಬಾರದು’ ಎಂಬ ಬೋರ್ಡನ್ನು ಪಕ್ಕಕ್ಕೆ ತಳ್ಳಿಕೊಂಡು, ನವಣೆಯಂಥ ತೆನೆಗಳು ತಲೆಯೆತ್ತಿ ನಿಂತಿದ್ದವು. ಅಷ್ಟು ದಿನ ಅವರು ಅಲ್ಲಿ ಕೂತು ಕೊಡವಿದ ಬಲಿತ ಕಾಳುಗಳು ಮೊಳೆತು ತೆನೆಯಾಗಿದ್ದವು. ಕಚೇರಿಯ ಸ್ವಂತ ಹಿತ್ತಿಲಾದ್ದರಿಂದ ಯಾವ ಅಧಿಕಾರಿಯೂ ಅತ್ತ ತಿರುಗಿ ನೋಡಿರಲಿಲ್ಲ. ಭಾವ ಒಂದು ತೆನೆಯನ್ನು ಉಗುರಿನಿಂದ ಒತ್ತಿ ನನ್ನ ಮೂಗಿನ ಮುಂದೆ ಹಿಡಿದರು. ಹಾಲು ಬಂತು.

ಕತ್ತರಿ ಹಿಡಿದು ಅವರು ಕುಕ್ಕರಗಾಲಲ್ಲಿ ಕೂತದ್ದೇ ತಡ, ಕಿಟಕಿಯಿಂದ ನಮ್ಮನ್ನು ಕಂಡು ಎಂಜಿನಿಯರ್ ಸಾಹೇಬರು ಬಂದೇಬಿಟ್ಟರು.

"ಏನ್ರೀ ಇದು?" ಅಂದರು.

ಭಾವ ತಲೆಯೆತ್ತಲಿಲ್ಲ. ಅವರಿಗೆ ಬಚ್ಚಿಟ್ಟು ಸಾಕಾಗಿತ್ತು. "ಹಕ್ಕಿಗೆ ಹುಲ್ಲು, ಸ್ವಾಮಿ" ಅಂದರು.

ಎಂಜಿನಿಯರ್ ಸಾಹೇಬರ ಮುಖ ಗಂಭೀರವಾಯಿತು. ಸುತ್ತಮುತ್ತ ನೋಡಿ, ದನಿ ತಗ್ಗಿಸಿ, ಹೌದು ಹೌದು, ಹಕ್ಕಿಗೆ, ನಾನೇನೂ ನೋಡಿಲ್ಲ ಎಂದರು. ಒಂದು ತೆನೆಗೂ ಬೂಟು ತಾಗದ ಹಾಗೆ ಹಿಂದಡಿ ಇಡುತ್ತಾ ಹೊರಟುಹೋದರು. ಅಂದಿನಿಂದ ಆ ಹಿತ್ತಿಲಿಗೆ ಔಷಧಿಯ ಡಬ್ಬ ಬಂದಿಲ್ಲ. ನಲ್ಲಿ ರಿಪೇರಿಗೆ ಬಂದವನನ್ನೂ ಬಾಗಿಲಿನಿಂದಲೇ ವಾಪಸು ಕಳಿಸಿದರಂತೆ.

ಅವತ್ತು ಸಂಜೆ ನೀಲಮ್ಮ ಮೊದಲು ಒಂದು ಕಣ್ಣು ತೆರೆದಳು. ಆಮೇಲೆ ಕೋಲಿನ ಮೇಲೆ ಒಂದೊಂದೇ ಹೆಜ್ಜೆ ಸರಿದು ಬಂದಳು. ಮೊದಲ ಕಾಳು ಬಿಡಿಸುವವರೆಗೆ ನಾವು ಮೂವರೂ ಪಂಜರದ ಮುಂದಿನಿಂದ ಕದಲಲಿಲ್ಲ. ಈ ಸಲ ಕಣ್ಣಿಗೆ ಹುಲ್ಲಿನ ರೋಮ ಬಿದ್ದದ್ದು ಅಕ್ಕನಿಗೆ.

ಟ್ಯಾಂಕಿನ ಹಿಂದೆ ಈಗ ನುಣ್ಣನೆಯ ಸಿಮೆಂಟು ನೆಲ. ಅದರ ನಟ್ಟನಡುವೆ ಭಾವನ ಹಳೆಯ ಬೋರ್ಡು ಇನ್ನೂ ನಿಂತಿದೆ. ಕಾವಲುಗಾರನೂ ಕೂತೇ ಇದ್ದಾನೆ. ಹೋದ ವಾರ ಭಾವ ಅಂಗಡಿಗೆ ಬಂದಾಗ ನಾನು ತಮಾಷೆಗೆ, ಕೋಣೆಯ ತುಂಬ ಬೋರ್ಡುಗಳಿವೆ, ಹಿತ್ತಿಲಿನ ಹುಲ್ಲಿಗೂ ಒಂದು ಹಾಕಿಬಿಡಿ ಭಾವ ಎಂದೆ. ಅವರು ಬೆಚ್ಚಿಬಿದ್ದು ನನ್ನ ಮುಖ ನೋಡಿದರು.

"ಬೇಡಪ್ಪ" ಅಂದರು. "ಇದು ಬದುಕ್ಬೇಕು."